ಬಗ್ಗುತ್ತಾರೆ, ನಿಲ್ಲುವುದಿಲ್ಲ

ಜೂನ್ 21ರ ಬೆಳಿಗ್ಗೆ ಹಾಸನದ ಯಾವ ಶಾಲೆಯ ಮೈದಾನಕ್ಕೆ ಹೋದರೂ ಕಾಣುವುದು ಹೆಚ್ಚುಕಡಿಮೆ ಒಂದೇ. ವೇದಿಕೆ ಮೇಲೆ ಮೈಕು, ಕೆಳಗೆ ಉದ್ದಕ್ಕೆ ಹಾಸಿದ ಜಮಖಾನ, ಫೋಟೊಗೆ ಚೆಂದ ಕಾಣಲೆಂದು ಮುಂದಿನ ಸಾಲಿನಲ್ಲೇ ಎಲ್‌ಕೆಜಿ, ಯುಕೆಜಿ ಪುಟಾಣಿಗಳು. "ಉಸಿರು ತೆಗೆದುಕೊಳ್ಳುತ್ತಾ ನಿಧಾನವಾಗಿ ಕೈಗಳನ್ನು ಮೇಲೆತ್ತಿ" ಎಂದು ಮೈಕು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಕೈಗಳು ಮೇಲೆ ಹೋಗಿ, ಕೆಳಗೆ ಬಂದು, ಪಕ್ಕದವಳ ಜಡೆ ಹಿಡಿದಾಗಿರುತ್ತದೆ. ವೃಕ್ಷಾಸನ ಎಂದಾಗ ಒಬ್ಬ ಓಲಾಡಿ ಪಕ್ಕದವನ ತೋಳಿಗೆ ಜೋತುಬೀಳುತ್ತಾನೆ, ಇಬ್ಬರೂ ಸೇರಿ ಮೂರನೆಯವಳ ಮೇಲೆ. ಮಿಸ್ ಓಡಿ ಬಂದು ಕಣ್ಣು ಬಿಡುತ್ತಾರೆ. ಅಷ್ಟರಲ್ಲಿ ಮೈಕು ಮುಂದಿನ ಆಸನಕ್ಕೆ ಹೋಗಿರುತ್ತದೆ. ಯೋಗ ದಿನದ 45 ನಿಮಿಷದ ಪ್ರೋಟೊಕಾಲ್ ಮೇಲೆ ತಪ್ಪು ಹೊರಿಸುವಂತಿಲ್ಲ, ಅದು ದೊಡ್ಡವರನ್ನು ಲೆಕ್ಕದಲ್ಲಿಟ್ಟು ಮಾಡಿದ್ದು. ಅದನ್ನೇ ಗಾತ್ರ ಕುಗ್ಗಿಸಿ ನಾಲ್ಕು ವರ್ಷದವರಿಗೆ ತೊಡಿಸಲು ಹೊರಡುತ್ತೇವಲ್ಲ, ತಕರಾರು ಇರುವುದು ಅಲ್ಲಿ.

ದೊಡ್ಡವರಿಗೆ ಯೋಗ ಹೇಳಿಕೊಡುವವರ ತಲೆನೋವೆಲ್ಲ ಬಗ್ಗಿಸುವುದರಲ್ಲೇ ಕಳೆಯುತ್ತದೆ. ತೊಡೆಯ ಹಿಂಭಾಗ ಬಿಗಿ, ಸೊಂಟ ಬಿಗಿ, ಹೆಗಲು ಬಿಗಿ. ಪುಟ್ಟ ಮಕ್ಕಳಿಗೆ ಆ ತೊಂದರೆಯೇ ಇಲ್ಲ. ಕೀಲುಗಳ ಸುತ್ತಲಿನ ಕಟ್ಟುಗಳು ಇನ್ನೂ ಸಡಿಲ, ಮೂಳೆಯ ತುದಿಗಳಲ್ಲಿ ಇನ್ನೂ ಬೆಳೆಯುತ್ತಿರುವ ಮೆತ್ತನೆಯ ಭಾಗ. ಕಾಲ್ಬೆರಳನ್ನು ಬಾಯಿಗಿಟ್ಟುಕೊಂಡು ಬೆಳೆದ ಮಗುವಿಗೆ ಬಗ್ಗುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬರದೇ ಇರುವುದು ಇದ್ದ ಜಾಗದಲ್ಲಿ ನಿಲ್ಲುವುದು, ಮತ್ತು ಹೋದಷ್ಟೇ ಮೆಲ್ಲಗೆ ವಾಪಸ್ ಬರುವುದು. ಮೂರು ವರ್ಷದ ಮಗು ಒಂಟಿ ಕಾಲಲ್ಲಿ ಎರಡು ಮೂರು ಸೆಕೆಂಡ್ ನಿಂತರೆ ಸಾಕಷ್ಟಾಯಿತು. ನಾಲ್ಕಕ್ಕೆ ಐದು ಸೆಕೆಂಡ್ ಆಸುಪಾಸು, ಐದು ತುಂಬಿದ ಮೇಲೆ ಹತ್ತರ ಹತ್ತಿರ. ಉಸಿರಿನ ಲೆಕ್ಕವೂ ಬೇರೆ. ಸುಮ್ಮನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಈ ವಯಸ್ಸಿನವರು 20ರಿಂದ 28 ಸಲ. ಅಂದರೆ ಒಳಗೆ, ಹೊರಗೆ ಎರಡೂ ಸೇರಿ ಎರಡೂವರೆ ಸೆಕೆಂಡ್ ಆಸುಪಾಸು. ಮೈಕಿನ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಮಗುವಿನ ಎರಡು ಉಸಿರು ಆಗಿಹೋಗಿರುತ್ತದೆ. ಪಾಪ, ಅದು ಎಲ್ಲಿಂದ ಹಿಡಿದುಕೊಳ್ಳಬೇಕು?

ಆಟ ಬೇಕಾಗುವುದು ಇದಕ್ಕೇ. ಮಕ್ಕಳ ಯೋಗ ಎಂದರೆ ಆಸನಕ್ಕೊಂದು ಪ್ರಾಣಿಯ ಹೆಸರಿಟ್ಟು, ನಗಿಸಿ, ಹೇಗೋ ಮಾಡಿಸಿಬಿಡುವುದು ಎಂದುಕೊಂಡವರು ಬಹಳ. ಅದು ಕಹಿ ಮಾತ್ರೆಗೆ ಬೆಲ್ಲ ಸವರಿದ ಹಾಗೆ, ಮಗು ಬೆಲ್ಲ ನೆಕ್ಕಿ ಮಾತ್ರೆ ಉಗುಳುತ್ತದೆ. ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿಯವರೆಗೆ ಬಗ್ಗಬೇಕು, ಯಾವಾಗ ಉಸಿರು ಬಿಡಬೇಕು ಎಂಬುದನ್ನು ಆಟದ ನಿಯಮವೇ ತೀರ್ಮಾನಿಸಬೇಕು. ಮಿಸ್ ಬಾಯಿಬಿಟ್ಟು ಹೇಳಬೇಕಾಗಿ ಬಂತೆಂದರೆ ಆಟ ಸರಿಯಾಗಿ ಕೂತಿಲ್ಲ ಎಂದೇ ಲೆಕ್ಕ.

ಹಾಸನದವರಿಗೆ ಈ ವಿಷಯದಲ್ಲಿ ಒಂದು ಹೆಮ್ಮೆ ಇದೆ, ಇರಲಿ. ಅಷ್ಟಾಂಗ ಯೋಗವನ್ನು ದೇಶದಾಚೆ ಒಯ್ದ ಪಟ್ಟಾಭಿ ಜೋಯಿಸರು ಹುಟ್ಟಿದ್ದು 1915ರಲ್ಲಿ, ಹಾಸನದ ಪಕ್ಕದ ಕೌಶಿಕದಲ್ಲಿ. 1927ರಲ್ಲಿ ಹಾಸನದಲ್ಲೇ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆ ನೋಡಿ ಅವರ ಶಿಷ್ಯರಾದರು. ಮಕ್ಕಳಿಗೆ ಬೇಗ ಶುರು ಮಾಡಿಸಬೇಕು ಎನ್ನುವವರು ಈ ಕಥೆ ಎತ್ತುತ್ತಾರೆ. ಆದರೆ ಜೋಯಿಸರಿಗೆ ಆಗ 12. ಆ ವಯಸ್ಸಿನ ಹುಡುಗನಿಗೆ ಎಣಿಕೆ ಹಿಡಿಯುತ್ತದೆ, ಶಿಸ್ತಿನ ರುಚಿಯೂ ಹತ್ತುತ್ತದೆ. ಸಂಧ್ಯಾವಂದನೆಯ ಪ್ರಾಣಾಯಾಮ ಹೇಳಿಕೊಡುತ್ತಿದ್ದ ಮನೆಗಳಲ್ಲೂ ಉಪನಯನಕ್ಕೆ ಎಂಟು ಆಗಲಿ ಎಂದು ಕಾಯುತ್ತಿದ್ದರು. ನಾಲ್ಕು, ಐದರವರ ವಿಷಯ ಬೇರೆಯೇ.

ದನಿ ಇರುವಷ್ಟು ಹೊತ್ತು

ಎಣಿಸುವುದನ್ನು ಮೊದಲು ಬಿಡಿ. "ಹತ್ತು ಎಣಿಸುವವರೆಗೆ ಹಾಗೇ ಇರು" ಎಂದರೆ ಮಗು ಉಸಿರು ಬಿಗಿಹಿಡಿದು, ಮುಖ ಕೆಂಪು ಮಾಡಿಕೊಂಡು, ಏಳಕ್ಕೇ ಹತ್ತು ಮಾಡಿ ಮುಗಿಸುತ್ತದೆ. ಅದರ ಬದಲು ದನಿ ಮಾಡಿಸಿ. ಉಸಿರು ಹೊರಗೆ ಹೋಗದೆ ದನಿ ಬರುವುದಿಲ್ಲ, ದನಿ ಮುಗಿದ ಮೇಲೆ ಉಸಿರು ತಾನೇ ಒಳಗೆ ಬರುತ್ತದೆ. "ಬಿಡು, ತಗೋ" ಎಂಬ ಕೂಗಾಟ ಅಲ್ಲಿಗೆ ಮುಗಿಯಿತು. ಭುಜಂಗಾಸನ ನೋಡಿ. ಮೇಲೆ ಏಳುವಾಗ ಸದ್ದಿಲ್ಲ, ಹಾವು ಎಂದಾದರೂ ಹೇಳಿಬಂದಿದೆಯೇ? ಮೇಲೆ ಬಂದ ಮೇಲೆ "ಸ್ಸ್ಸ್" ಎನ್ನುತ್ತಾ, ಅದೇ ದನಿಯಲ್ಲಿ ಮೆಲ್ಲಗೆ ಕೆಳಗೆ. ಐದು ವರ್ಷದ ಮಗುವಿನ ಒಂದು "ಸ್ಸ್ಸ್" ನಾಲ್ಕೈದು ಸೆಕೆಂಡ್ ಬರುತ್ತದೆ, ಆ ವಯಸ್ಸಿಗೆ ಅಷ್ಟು ಸಾಕು. ಮೂರು ಸಲಕ್ಕೆ ನಿಲ್ಲಿಸಿ.

ಇದೇ ಆಸನದಲ್ಲಿ ಎಡವಟ್ಟಾಗುವುದೂ ಹೆಚ್ಚು. ಮಗು ಅಂಗೈ ಊರಿ ಮೊಣಕೈ ಲಾಕ್ ಮಾಡಿ, ಕತ್ತನ್ನು ಹಿಂದಕ್ಕೆ ಎಸೆದು, "ನೋಡಿ ಮಿಸ್" ಎನ್ನುತ್ತದೆ. ಬಾಗಿದ್ದು ಬೆನ್ನು ಪೂರ್ತಿ ಅಲ್ಲ, ಸೊಂಟದ ಒಂದೇ ಒಂದು ಜಾಗ ಮತ್ತು ಕತ್ತು. ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ, ಮಗು ಮುಂದಿನ ಸಲ ಇನ್ನಷ್ಟು ಎಸೆಯುತ್ತದೆ. ಶ್ರವಣಬೆಳಗೊಳದ ಬೆಟ್ಟ ಹತ್ತಿ ಬಂದ ಮಕ್ಕಳಿಗಾದರೆ ಇದನ್ನು ಸರಿಮಾಡುವುದು ಸುಲಭ. ಗೊಮ್ಮಟನ ಕಾಲ ಪಕ್ಕದ ಹುತ್ತಗಳಿಂದ ಹಾವುಗಳು ತಲೆ ಹಾಕಿವೆಯಲ್ಲ, ಅವನ್ನು ನೆನಪಿಸಿ. ಮಗುವಿನ ಮುಖದ ಮುಂದೆ ಒಂದು ಗೇಣು ಎತ್ತರಕ್ಕೆ ಪುಸ್ತಕಗಳನ್ನು ಪೇರಿಸಿಡಿ, ಅದೇ ಹುತ್ತ. ಮೊಣಕೈ ನೆಲದ ಮೇಲೇ ಇರಲಿ. ಹಾವು ಹುತ್ತದ ಮೇಲಿಂದ ಕಣ್ಣಷ್ಟೇ ಕಾಣುವಂತೆ ಇಣುಕಬೇಕು, ಗಲ್ಲ ಕಂಡರೆ ಗರುಡನಿಗೆ ಸಿಕ್ಕಿಬಿತ್ತು. ಎತ್ತರಕ್ಕೆ ಮಿತಿ ಬಿತ್ತು, ಕತ್ತು ನೆಟ್ಟಗಾಯಿತು. ಕಾಲುಗಳು ಅಗಲವಾಗುವುದನ್ನು ತಡೆಯಲು ಎರಡು ಪಾದಗಳ ನಡುವೆ ಕರವಸ್ತ್ರ ಸಿಕ್ಕಿಸಿ ಬೀಳಿಸಬಾರದು ಎನ್ನಿ.

ಗೊಮ್ಮಟನನ್ನೇ ಆಟ ಮಾಡಬಹುದು. 58 ಅಡಿಯ ಆ ಮೂರ್ತಿ ನಿಂತಿರುವುದು ಕಾಯೋತ್ಸರ್ಗದಲ್ಲಿ, ಅಂದರೆ ಅಲುಗದೆ ನಿಲ್ಲುವ ಜೈನರ ಧ್ಯಾನದ ಭಂಗಿಯಲ್ಲಿ. ಕೈಗಳು ಇಳಿಬಿದ್ದಿವೆ, ಬಳ್ಳಿ ಕಾಲಿಂದ ತೊಡೆಗೆ, ತೋಳಿಗೆ ಹಬ್ಬಿದೆ. ಮಕ್ಕಳನ್ನು ಪಾದಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ನಿಲ್ಲಿಸಿ, ಬಳ್ಳಿ ಎಲ್ಲಿಗೆ ಬಂತು ಎಂದು ಮಾತ್ರ ಹೇಳುತ್ತಾ ಹೋಗಿ. "ಬಳ್ಳಿ ಹಿಮ್ಮಡಿಗೆ ಬಂತು." ಎರಡು ಮೂರು ಸೆಕೆಂಡ್ ಸುಮ್ಮನಿರಿ. "ಮೊಣಕಾಲಿಗೆ ಬಂತು." ಮತ್ತೆ ಸುಮ್ಮನೆ. ತೊಡೆ, ತೋಳು. ನಾಲ್ಕು ಜಾಗಕ್ಕೆ ಹನ್ನೆರಡು ಸೆಕೆಂಡ್ ಮಗು ಅಲುಗದೆ ನಿಂತಿರುತ್ತದೆ, ಗಮನ ಒಂದೊಂದೇ ಕೀಲಿಗೆ ಹೋಗಿಬಂದಿರುತ್ತದೆ. "ಅಲುಗಬೇಡ" ಎಂಬ ಮಾತು ಎಲ್ಲೂ ಬರಲಿಲ್ಲ. ಅಲುಗಿದವರನ್ನು ಔಟ್ ಮಾಡುವುದು ಬೇಡ. ಔಟ್ ಆಗುವವರು ದಿನಾ ಅವರೇ ಇಬ್ಬರು ಮೂವರು, ನಿಂತು ಅಭ್ಯಾಸವಾಗಬೇಕಾದದ್ದೂ ಅವರಿಗೇ.

ಮರದ ಆಸನಕ್ಕೆ ಚಿಕ್ಕಮಗಳೂರು ಕಡೆಯ ಮಕ್ಕಳಿಗೆ ಸಿಲ್ವರ್ ಮರವೇ ಆಗಬೇಕು, ಆಲದ ಮರ ಎಂದರೆ ಅವರಿಗೆ ಕಣ್ಣಿಗೆ ಕಟ್ಟುವುದಿಲ್ಲ. ಐದರೊಳಗಿನವರು ಎತ್ತಿದ ಕಾಲಿನ ಬೆರಳ ತುದಿ ನೆಲದಲ್ಲೇ ಬಿಟ್ಟು, ಹಿಮ್ಮಡಿಯನ್ನು ಇನ್ನೊಂದು ಕಾಲಿನ ಹರಡಿಗೆ ಒರಗಿಸಲಿ. ಅವರಿಗಿಂತ ದೊಡ್ಡ ಮಕ್ಕಳು ಪಾದವನ್ನು ಮೀನಖಂಡಕ್ಕೆ ಇಡಲಿ. ಮೊಣಕಾಲಿನ ಪಕ್ಕಕ್ಕೆ ಮಾತ್ರ ಬೇಡ, ಆ ಕೀಲು ಅಡ್ಡಕ್ಕೆ ಒತ್ತಿಸಿಕೊಳ್ಳುವಂಥದ್ದಲ್ಲ. ಮಗು ಬೀಳುವುದು ಕಾಲಿನ ದೋಷಕ್ಕಿಂತ ಕಣ್ಣಿನ ದೋಷದಿಂದ: ಮಿಸ್‌ನ ನೋಡುತ್ತದೆ, ಗೆಳೆಯನ ನೋಡುತ್ತದೆ, ಬೀಳುತ್ತದೆ. ಗೋಡೆಯ ಮೇಲೆ ಮಗುವಿನ ಕಣ್ಣಿನ ಮಟ್ಟಕ್ಕೆ, ಅಂದರೆ ಮೂರಡಿ ಎತ್ತರದಲ್ಲಿ, ಒಂದು ಕೆಂಪು ಬೊಟ್ಟು ಅಂಟಿಸಿ. ಇಬ್ಬಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಅಂಗೈಗೆ ಅಂಗೈ ತಾಗಿಸಿದರೆ ಇಬ್ಬರೂ ನಿಲ್ಲುತ್ತಾರೆ. "ಗಾಳಿ ಬಂತು" ಎಂದಾಗ ಓಲಾಡುವುದಕ್ಕೂ ಅನುಮತಿ ಇರಲಿ. ಓಲಾಡಿ ಮತ್ತೆ ನಿಲ್ಲುವುದೇ ಪಾಠ.

ಜೆಸಿಬಿ

ಚಿಕ್ಕಮಗಳೂರಿನ ಹತ್ತಿರದ ಒಂದು ಅಂಗನವಾಡಿಯಲ್ಲಿ ನಡೆದದ್ದು. ಮುಳ್ಳಯ್ಯನಗಿರಿ ಹತ್ತುವ ಕಥೆ ಹೇಳುತ್ತಾ ಮಿಸ್ ಆಸನ ಮಾಡಿಸುತ್ತಿದ್ದರು. ದಾರಿಯಲ್ಲಿ ಏನು ಸಿಕ್ಕಿತು ಎಂದು ಮಕ್ಕಳೇ ಹೇಳಬೇಕು. ಒಬ್ಬಳು ಮೊಲ ಎಂದಳು, ಶಶಾಂಕಾಸನ ಆಯಿತು. ಇನ್ನೊಬ್ಬ ಕಪ್ಪೆ ಎಂದ, ಕುಕ್ಕರಗಾಲಲ್ಲಿ ಕೂತದ್ದಾಯಿತು. ಆಗ ಮೂಲೆಯಿಂದ ಒಬ್ಬ ಹುಡುಗ, "ಮಿಸ್, ಜೆಸಿಬಿ ಸಿಕ್ತು!" ಸಹಾಯಕಿ ಕಿಸಕ್ಕನೆ ನಕ್ಕರು. ಹೊರಗೆ ರಸ್ತೆ ಅಗೆಯುತ್ತಿದ್ದ ಜೆಸಿಬಿಯ ಸದ್ದು ಬೆಳಗಿನಿಂದ ಕೇಳುತ್ತಲೇ ಇತ್ತು. "ಜೆಸಿಬಿ ಆಸನ ಇಲ್ಲ ಕಣೋ" ಎನ್ನಬಹುದಿತ್ತು. ಮಿಸ್ ಒಂದು ಗಳಿಗೆ ಯೋಚಿಸಿ, "ಎಲ್ಲ ಕಾಲು ನೀಡಿ ಕೂತ್ಕೊಳಿ, ಗಾಡಿ ಸ್ಟಾರ್ಟ್ ಮಾಡಿ" ಎಂದರು. ಎರಡೂ ಕೈ ಮೇಲೆ, ಅದು ಬಕೆಟ್. "ಡ್ರ್‌ರ್‌ರ್" ಎನ್ನುತ್ತಾ ಸೊಂಟದಿಂದ ಮುಂದಕ್ಕೆ ಬಾಗಿ ಪಾದದ ಹತ್ತಿರ ಮಣ್ಣು ಬಾಚುವುದು, ಮೇಲೆತ್ತುವುದು, ಕಿಟಕಿ ಕಡೆ ತಿರುಗಿ ಸುರಿಯುವುದು, ಮತ್ತೆ ವಾಪಸ್. ದಂಡಾಸನ, ಪಶ್ಚಿಮೋತ್ತಾನಾಸನ, ಕೂತು ಬೆನ್ನು ತಿರುಚುವುದು ಮೂರೂ ಒಂದರ ಹಿಂದೊಂದು ಬಂದುಬಿಟ್ಟವು. ಉಸಿರು ಬಿಡುವುದು ಸರಿಯಾಗಿ ಬಾಗುವಾಗಲೇ.

ಒಂದು ಕೊರತೆ ಅಲ್ಲೇ ಕಂಡಿತು. ಮಣ್ಣು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಎರಡನೇ ಸುತ್ತಿಗೇ ಎಲ್ಲ ಜೆಸಿಬಿಗಳೂ ರೇಸಿಗೆ ಬಿದ್ದವು. ಆಗ ಮಿಸ್ ಕೈಗೆ ರಾಗಿ ಚೀಲ ಕೊಟ್ಟರು. ಅಂಗೈ ಅಗಲದ ಬಟ್ಟೆ ಚೀಲ, ಒಳಗೆ 100 ಗ್ರಾಂ ರಾಗಿ, ಎರಡು ಸುತ್ತು ಹೊಲಿಗೆ. ಬಾಚಿದ ಎರಡು ಕೈಯ ಹಿಂಬದಿ ಮೇಲೆ ಚೀಲ ಕೂರಿಸಿಕೊಂಡು ಬೀಳಿಸದೆ ಇನ್ನೊಂದು ಪಕ್ಕಕ್ಕೆ ಸಾಗಿಸಬೇಕು, ದಾರಿಯಲ್ಲಿ ಚೆಲ್ಲಿದರೆ ಮೇಸ್ತ್ರಿ ಬೈಯುತ್ತಾರೆ. ವೇಗ ತಾನೇ ಇಳಿಯಿತು. ಮಕ್ಕಳಿಗೆ ನಿಧಾನ ಎಂಬ ಮಾತು ಅರ್ಥವಾಗುವುದಿಲ್ಲ, ಬೀಳಿಸಬಾರದ ವಸ್ತು ಅರ್ಥವಾಗುತ್ತದೆ. ನಾಲ್ಕು ಲೋಡ್ ಆಚೆ, ನಾಲ್ಕು ಲೋಡ್ ಈಚೆ ಸಾಕು. ಮೊಣಕಾಲು ಮಡಿಸಿದರೆ ಮಡಿಸಲಿ. ಐದಾರು ವರ್ಷಕ್ಕೆ ಕೆಲವರಿಗೆ ಕೈ ಪಾದ ಮುಟ್ಟುವುದಿಲ್ಲ, ಮೊಣಕಾಲಿನ ಹತ್ತಿರವೇ ಮಣ್ಣಿದೆ ಎಂದುಬಿಡಿ. ಹಿಂದಿನಿಂದ ಬೆನ್ನು ಒತ್ತುವ ಚಾಳಿ ಮಾತ್ರ ಕೂಡದು, ಮಿಸ್ ಆಗಲಿ, ಅಪ್ಪ ಆಗಲಿ, ಅಣ್ಣ ಆಗಲಿ.

ಕಿಟಕಿ ಕಡೆ ಎಂದದ್ದು ಬೇಕೆಂದೇ. ಆರೇಳು ವರ್ಷದವರೆಗೆ ಎಡ ಬಲ ಗಟ್ಟಿಯಾಗಿರುವುದಿಲ್ಲ, ಎದುರಿಗೆ ನಿಂತವರನ್ನು ನೋಡಿ ಮಾಡುವಾಗಲಂತೂ ಪೂರ್ತಿ ಅದಲುಬದಲು. "ಕಿಟಕಿ ಕಡೆ ಕೈ, ಬಾಗಿಲ ಕಡೆ ಕೈ" ಎನ್ನಿ. ನೀವು ಎದುರು ನಿಂತಿದ್ದರೆ ಕನ್ನಡಿಯಂತೆ ಮಾಡಿ, ಅವರ ಬಲಕ್ಕೆ ನಿಮ್ಮ ಎಡ.

ಎಡಕುಮೇರಿ ರೈಲು

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ, ನಡುವೆ ಎಡಕುಮೇರಿ ನಿಲ್ದಾಣ ಸಿಗುವ ರೈಲು ದಾರಿಯಲ್ಲಿ 57 ಸುರಂಗಗಳಿವೆ. ಅಧೋಮುಖ ಶ್ವಾನಾಸನಕ್ಕೆ ಈ ಭಾಗದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಇನ್ನೊಂದಿಲ್ಲ. ನಾಲ್ಕೈದು ಮಕ್ಕಳು ಪಕ್ಕಪಕ್ಕ ಸಾಲಾಗಿ ಕೈಕಾಲು ಊರಿ ಸೊಂಟ ಎತ್ತಿ ಸುರಂಗವಾಗುತ್ತಾರೆ, ಒಬ್ಬ ಕೆಳಗಿನಿಂದ ಅಂಬೆಗಾಲಲ್ಲಿ ಕೂ ಎನ್ನುತ್ತಾ ಹೋಗುತ್ತಾನೆ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದರೆ ಕೊನೆಯ ಮಗು ರೈಲು ಬರುವಷ್ಟರಲ್ಲಿ ಸೋತು ರೈಲಿನ ಮೇಲೇ ಕುಸಿಯುತ್ತದೆ. ಹಾಗಾಗಿ ನಿಯಮ ಹೀಗಿರಲಿ: ಎಲ್ಲರೂ ಮೊಲದಂತೆ ಮಡಚಿ ಕೂತಿರಬೇಕು, ರೈಲು ಒಬ್ಬರಷ್ಟು ದೂರ ಇದ್ದಾಗ ಸುರಂಗ ಏಳಬೇಕು, ರೈಲಿನ ಬಾಲ ದಾಟಿದ ಮೇಲೆ ಮೆಲ್ಲಗೆ ಕೂರಬೇಕು. ಒಬ್ಬೊಬ್ಬರಿಗೂ ಸಿಗುವುದು ಐದಾರು ಸೆಕೆಂಡ್, ಅದೇ ಸರಿಯಾದ ಅಳತೆ. ರೈಲು ತಲೆ ಎತ್ತಿದರೆ ಸುರಂಗದ ಹೊಟ್ಟೆಗೆ ಗುದ್ದುತ್ತದೆ, ಗಲ್ಲ ಎದೆಗೆ ತಾಗಿಸಿಕೊಂಡು ಹೋಗಲಿ. ಸುರಂಗದವರ ಬೆರಳು ಅಗಲವಾಗಿರಲಿ, ಮೊಣಕಾಲು ಕೊಂಚ ಮಡಿಸಿರಲಿ, ಹಿಮ್ಮಡಿ ನೆಲ ಮುಟ್ಟಬೇಕೆಂಬ ಹಟ ಬೇಡ. ಇಬ್ಬರ ನಡುವೆ ಎರಡು ಅಂಗೈ ಅಗಲ ಬಿಡಿ, ಇಲ್ಲದಿದ್ದರೆ ಬೆರಳು ತುಳಿತಕ್ಕೆ ಸಿಗುತ್ತವೆ. ಸಾಕ್ಸ್ ಬಿಚ್ಚಿಸಲೇಬೇಕು.

ನೆಲ, ಹಾಲು, ಹೊತ್ತು

ಮಲೆನಾಡಿನ ಮಳೆಗಾಲದಲ್ಲಿ ನೆಲ ಬೆವರುತ್ತದೆ. ರೆಡ್ ಆಕ್ಸೈಡ್ ನೆಲವಾಗಲಿ, ಟೈಲ್ಸ್ ಆಗಲಿ, ಜೂನ್‌ನಿಂದ ಆಗಸ್ಟ್‌ವರೆಗೆ ಜಾರುವುದು ಖಾತ್ರಿ. ಪ್ಲಾಸ್ಟಿಕ್ ಚಾಪೆ ಹಾಸಿ ಅದರ ಮೇಲೆ ಜಮಖಾನ ಹಾಕಿದರೆ ಎರಡು ಪದರವೂ ಒಂದರ ಮೇಲೊಂದು ಓಡುತ್ತವೆ. ನೆಲ ಒರೆಸಿ ಒಣಗಿಸಿ, ಜಮಖಾನವನ್ನು ಎರಡು ಮಡಿಕೆ ಮಾಡಿ, ಅಂಚನ್ನು ಗೋಡೆಗೆ ಒತ್ತಿ ಹಾಸಿ. ಒಂಟಿ ಕಾಲಿನ ಆಸನಗಳನ್ನು ಮಾತ್ರ ಬರಿ ನೆಲದ ಮೇಲೆ ಮಾಡಿಸುವುದು ವಾಸಿ, ಮೆತ್ತನೆಯ ಹಾಸಿನ ಮೇಲೆ ಹರಡು ಓಲಾಡುತ್ತದೆ. ಜಮಖಾನವನ್ನು ಮಕ್ಕಳ ಮುಂದೆ ಕೊಡವಬೇಡಿ, ಉಬ್ಬಸದ ಮಕ್ಕಳಿಗೆ ಅಷ್ಟು ಧೂಳು ಸಾಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೈ ಬಿಸಿಯಾಗುವವರೆಗೆ ನೆಲದ ಆಸನಕ್ಕೆ ಹೋಗಲೇಬೇಡಿ. ಕೆರೆ ದಡ ಆಡಿಸಿ. ದಡ ಎಂದರೆ ನಿಂತು ಕೈ ಮೇಲೆ, ಕೆರೆ ಎಂದರೆ ಕಪ್ಪೆಯಂತೆ ಕುಕ್ಕರಗಾಲು. ಹಾರಿದಾಗ ಹಿಮ್ಮಡಿ ಧಡ್ ಎಂದು ಬಡಿಯಬಾರದು, ಸದ್ದಿಲ್ಲದ ಕಪ್ಪೆ ಗೆಲ್ಲುತ್ತದೆ. ಮೂರು ನಿಮಿಷಕ್ಕೆ ಕಿವಿ ಬೆಚ್ಚಗಾಗುತ್ತದೆ.

ಅಂಗನವಾಡಿ, ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಕೊಡುವ ಮೊದಲೇ ಮುಗಿಸಿಕೊಳ್ಳಿ. ಹಾಲು ಕುಡಿದಿದ್ದರೆ ಒಂದು ಗಂಟೆ, ಊಟವಾಗಿದ್ದರೆ ಎರಡು ಗಂಟೆ ಬಿಡಬೇಕು. ಹೊಟ್ಟೆ ತೀರಾ ಖಾಲಿ ಇರುವ ಮಗುವಿಗೂ ಮಾಡಿಸಬಾರದು, ದೊಡ್ಡವರಂತೆ ಬೆಳಗಿನ ಉಪವಾಸ ಅದಕ್ಕೆ ತಡೆಯದು. ಒಂದು ಬಾಳೆಹಣ್ಣು ತಿಂದು ಅರ್ಧ ಗಂಟೆ ಆಗಿದ್ದರೆ ಚೆನ್ನ. ಮೂರರಿಂದ ನಾಲ್ಕು ವರ್ಷದವರಿಗೆ ಒಟ್ಟು ಹತ್ತು ನಿಮಿಷ, ಐದಾರಕ್ಕೆ ಹದಿನೈದರಿಂದ ಇಪ್ಪತ್ತು. ಒಂದು ದಿನಕ್ಕೆ ಐದಾರು ಆಸನ, ಅವನ್ನೇ ವಾರ ಪೂರ್ತಿ. ಮಕ್ಕಳಿಗೆ ಅದದೇ ಬೇಸರ ತರುತ್ತದೆ ಎಂಬುದು ದೊಡ್ಡವರ ಕಲ್ಪನೆ.

ಸಿಂಹ ಎಲ್ಲಿ ಬರಬೇಕು ಎಂಬುದಕ್ಕೂ ಲೆಕ್ಕವಿದೆ. ಬೇಲೂರಿನಲ್ಲಿ ಸಳ ಸಿಂಹದ ಜತೆ ಸೆಣಸುವುದನ್ನು ನೋಡಿದ ಮಕ್ಕಳು ಸಿಂಹಾಸನಕ್ಕೆ ಪ್ರಾಣ ಬಿಡುತ್ತಾರೆ. ವಜ್ರಾಸನದಲ್ಲಿ ಕೂತು, ಅಂಗೈ ಮಂಡಿ ಮೇಲೆ, ನಾಲಿಗೆ ಪೂರ್ತಿ ಹೊರಗೆ, "ಹಾ". ಗಂಟಲಿಂದ ಕಿರುಚುತ್ತಾರೆ, ಮೂರಕ್ಕಿಂತ ಹೆಚ್ಚು ಮಾಡಿದರೆ ಸಂಜೆಗೆ ದನಿ ಒಡೆದಿರುತ್ತದೆ. ಅಂಗೈ ಬಾಯಿ ಮುಂದೆ ಹಿಡಿದು ಬಿಸಿ ಗಾಳಿ ತಾಗಿತಾ ನೋಡಲಿ. ಚಳಿಗಾಲದ ಬೆಳಿಗ್ಗೆ ಬಾಯಿಂದ ಹೊಗೆ ಬರುವುದನ್ನೇ ತೋರಿಸಬಹುದು. ಸಿಂಹವನ್ನು ಕೊನೆಗೆ ಇಡಬೇಡಿ, ಆ ಗದ್ದಲ ಇಳಿಯಲು ಐದು ನಿಮಿಷ ಬೇಕು. ನಡುವೆ ಮಾಡಿಸಿ, ಕೂಡಲೇ ಮೊಲವಾಗಿಸಿ. ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ ಕೊನೆಗೆ ಸರಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾದಾಗ ಜೇನಿನ ಝೇಂಕಾರ ಕೇಳಿದ ಮಕ್ಕಳಿಗೆ ವಿವರಣೆ ಬೇಕಿಲ್ಲ. ಬೆರಳನ್ನು ಕಿವಿಯೊಳಗೆ ತೂರಿಸಲು ಬಿಡದೆ ಕಿವಿ ಬಾಗಿಲಿನ ಸಣ್ಣ ಮೃದು ಭಾಗವನ್ನಷ್ಟೇ ಒತ್ತಿಸಿ, ತುಟಿ ಮುಚ್ಚಿ ಹಲ್ಲು ಬಿಡಿಸಿ, ಮೂರರಿಂದ ಐದು ಸಲ. ನೆಗಡಿ, ಕಿವಿನೋವು ಇದ್ದವರು ಕೇಳಿಸಿಕೊಳ್ಳಲಿ.

ಬೇಡವೇ ಬೇಡ

ಶೀರ್ಷಾಸನ ಬೇಡ, ಗೋಡೆಗೆ ಒರಗಿಸಿಯೂ ಬೇಡ. ಹುಟ್ಟಿದಾಗ ಮಗುವಿನ ಉದ್ದದಲ್ಲಿ ನಾಲ್ಕನೇ ಒಂದು ಪಾಲು ತಲೆಯೇ ಇರುತ್ತದೆ, ದೊಡ್ಡವರಲ್ಲಿ ಅದು ಎಂಟನೇ ಒಂದರಷ್ಟು. ನಾಲ್ಕೈದರಲ್ಲಿ ತಲೆ ಇನ್ನೂ ದೊಡ್ಡದು, ಕತ್ತು ಇನ್ನೂ ಎಳೆಯದು. ಹಲಾಸನ, ಸರ್ವಾಂಗಾಸನದ ಕತೆಯೂ ಇದೇ. ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ, ಉಸಿರು ಬಿಗಿಹಿಡಿಯುವುದು ಯಾವುದೂ ಬೇಡ. ಪದ್ಮಾಸನಕ್ಕೆ ಕಾಲನ್ನು ಕೈಯಿಂದ ಎಳೆದು ಏರಿಸುವುದು ಬೇಡ, ತಿರುಚುವಿಕೆ ಸೊಂಟಕ್ಕೆ ಹೋಗದೆ ಮೊಣಕಾಲಿಗೆ ಬೀಳುತ್ತದೆ. ಚಕ್ಕಳಮಕ್ಕಳ ಹಾಕಿ ಕೂತರೆ ಧಾರಾಳವಾಯಿತು. ವಾರ್ಷಿಕೋತ್ಸವದ ಪಿರಮಿಡ್ಡನ್ನು ಯೋಗದ ಹೆಸರಲ್ಲಿ ಕಟ್ಟಿಸುವುದಂತೂ ಶುದ್ಧ ಅವಿವೇಕ, ಕೆಳಗಿನ ಮಗುವಿನ ಬೆನ್ನಿನ ಮೇಲೆ ಬೀಳುವ ಭಾರಕ್ಕೆ ಯಾವ ಸಂಸ್ಕೃತ ಹೆಸರಿಟ್ಟರೂ ಭಾರ ಭಾರವೇ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕತ್ತಿನ ಮೇಲಿನ ಕೀಲು ಸಡಿಲ ಇರಬಹುದಾದ್ದರಿಂದ ವೈದ್ಯರನ್ನು ಕೇಳದೆ ಕತ್ತಿನ ಮೇಲೆ ಭಾರ ಬೀಳುವುದಾಗಲಿ, ಪಲ್ಟಿಯಾಗಲಿ ಮಾಡಿಸಬೇಡಿ. ಇನ್ನೊಂದು ಗುಂಪಿನ ಮೇಲೂ ಕಣ್ಣಿಡಿ: ಹೆಬ್ಬೆರಳು ಮಣಿಕಟ್ಟಿನ ಒಳಭಾಗಕ್ಕೆ ತಾಗುವ, ಮೊಣಕೈ ಹಿಂದಕ್ಕೆ ಬಾಗುವ ಮಕ್ಕಳು. ಇವರನ್ನೇ ವೇದಿಕೆಗೆ ಆರಿಸುವುದು ರೂಢಿ. ಇವರಿಗೆ ಬೇಕಿರುವುದು ಇನ್ನಷ್ಟು ಬಗ್ಗುವುದಲ್ಲ, ಸ್ನಾಯು ಗಟ್ಟಿಯಾಗುವುದು. ದೋಣಿ (ನೌಕಾಸನ), ಮರ, ಸುರಂಗ ಮಾಡಿಸಿ, ಹಾವು, ಬಿಲ್ಲು (ಧನುರಾಸನ) ಕಡಿಮೆ ಮಾಡಿ.

ಕೊನೆಯ ಎರಡು ನಿಮಿಷ ಮಲಗಿಸಿ. ಕಣ್ಣು ಮುಚ್ಚಿ ಎಂದು ಒತ್ತಾಯಿಸಿದರೆ ಒಬ್ಬ ಕಿಸಕ್ಕೆನ್ನುತ್ತಾನೆ, ಉಳಿದವರೆಲ್ಲ ಶುರು. ಹೊಟ್ಟೆ ಮೇಲೆ ರಾಗಿ ಚೀಲ ಇಡಿ, ಗೊರೂರು ಅಣೆಕಟ್ಟೆಯ ನೀರಲ್ಲಿ ಅದು ದೋಣಿ, ಮಗುಚಬಾರದು. ಕಣ್ಣು ತೆರೆದೇ ದೋಣಿಯನ್ನು ನೋಡಲಿ. ಚೀಲ ಏರಿಳಿಯದೆ ಎದೆ ಮಾತ್ರ ಏರುತ್ತಿದ್ದರೆ ಮಗುವಿಗೆ ಏನೂ ಹೇಳಬೇಡಿ, ಮೊಣಕಾಲು ಮಡಿಸಿ ಪಾದ ಊರಿಸಿ. ಹೊಟ್ಟೆ ಸಡಿಲವಾಗಿ ದೋಣಿ ಹೊರಡುತ್ತದೆ. ಏಳುವಾಗ ಪಕ್ಕಕ್ಕೆ ಹೊರಳಿ, ಕೈ ಊರಿ. ಮಳೆಗಾಲದಲ್ಲಿ ಚೀಲಗಳನ್ನು ಬಿಸಿಲು ಕಂಡ ದಿನ ಒಣಗಿಸದಿದ್ದರೆ ರಾಗಿಗೆ ಹುಳು ಬೀಳುತ್ತದೆ.

ಎಲ್ಲ ಗುಂಪಿನಲ್ಲೂ ಏನೂ ಮಾಡದೆ ಗೋಡೆಗೆ ಒರಗಿ ನೋಡುವ ಒಂದು ಮಗು ಇರುತ್ತದೆ. ಎಳೆದು ತರಬೇಡಿ, "ನೋಡು ಎಲ್ಲರೂ ಮಾಡ್ತಿದಾರೆ" ಎನ್ನಲೂಬೇಡಿ. ನೋಡುವುದೂ ಕಲಿಕೆಯೇ. ಶಾಲೆಯಲ್ಲಿ ಕದಲದ ಮಗು ಮನೆಯಲ್ಲಿ ಅಜ್ಜಿಗೆ ಎಲ್ಲವನ್ನೂ ಮಾಡಿ ತೋರಿಸಿದ್ದನ್ನು ಅಮ್ಮಂದಿರು ಹೇಳುವುದುಂಟು. ಅಲ್ಲಿಯವರೆಗೆ ಅದಕ್ಕೊಂದು ಹಸಿರು ಬಟ್ಟೆ, ಒಂದು ಕೆಂಪು ಬಟ್ಟೆ ಕೊಡಿ. ಎಡಕುಮೇರಿಯಲ್ಲಿ ರೈಲು ಬಿಡಬೇಕೋ ಬೇಡವೋ ಎಂದು ಹೇಳುವವರು ಬೇಕಲ್ಲ.